ರಿಪ್ಲಿ ಸಿಕ್ಕಿಬೀಳಬಾರದು

ಹಿಚ್‌ಕಾಕ್‌ನ ‘ಸೈಕೋ’ (1960) ಅಂದ ತಕ್ಷಣ ಎಲ್ಲರೂ ಬಾತ್‌ರೂಮಿನ ಕೊಲೆ ಬಗ್ಗೆ ಮಾತಾಡ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅದಾದ ಮೇಲಿನ ಕೆಲವು ನಿಮಿಷ. ನಾರ್ಮನ್ ಬೇಟ್ಸ್ ರೂಮನ್ನೆಲ್ಲ ಒರೆಸಿ ತೊಳೆದು, ಹೆಣವನ್ನ ಕಾರಿನ ಡಿಕ್ಕಿಗೆ ಹಾಕಿ, ಕಾರನ್ನ ಮೋಟೆಲ್ ಹಿಂದಿನ ಜೌಗಿಗೆ ತಳ್ಳುತ್ತಾನೆ. ಕಾರು ನಿಧಾನಕ್ಕೆ ಮುಳುಗುತ್ತೆ. ಅರ್ಧಕ್ಕಿಂತ ಜಾಸ್ತಿ ಮುಳುಗಿದ ಮೇಲೆ ಇದ್ದಕ್ಕಿದ್ದಂಗೆ ನಿಂತುಬಿಡುತ್ತೆ. ನಾರ್ಮನ್ ಗಾಬರಿಯಿಂದ ಅತ್ತಿತ್ತ ನೋಡ್ತಾನೆ. ನಾವೂ ಉಸಿರು ಬಿಗಿಹಿಡಿದು ಕೂತಿರ್ತೀವಿ. ಆಮೇಲೆ ಗುಳುಗುಳು ಅಂತ ಪೂರ್ತಿ ಒಳಗೆ ಹೋದಾಗ ನಮಗೂ ಒಂದು ಸಮಾಧಾನ. ಕೊಲೆ ಮಾಡಿದ್ದು ಅವನಮ್ಮ ಅಂತ ಆ ಹೊತ್ತಿಗೆ ನಾವು ನಂಬಿರ್ತೀವಿ, ಸರಿ. ಆದರೂ ಸ್ವಲ್ಪ ಹೊತ್ತಿನ ಮುಂಚೆ ತನಕ ಡಿಕ್ಕಿಯಲ್ಲಿರೋ ಆ ಹೆಣ್ಣುಮಗಳ ಜೊತೇಲೇ ಅದೇ ಕಾರಲ್ಲಿ ಕೂತು ಬಂದವರು ನಾವು. ಪಕ್ಷ ಬದಲಾಯಿಸೋಕೆ ನಮಗೆ ಹಿಡಿದಿದ್ದು ಅಷ್ಟೇ ಹೊತ್ತು.

ಪುಸ್ತಕ ಓದೋ, ವೆಬ್ ಸೀರೀಸ್ ನೋಡೋ ಗೆಳೆಯರ ಹತ್ತಿರ ಒಂದು ದೂರು ಪದೇಪದೇ ಕೇಳ್ತೀನಿ. ‘ಚೆನ್ನಾಗಿದೆ ಗುರು, ಆದ್ರೆ ಒಂದೇ ಒಂದು ಕ್ಯಾರೆಕ್ಟರೂ ಇಷ್ಟ ಆಗ್ಲಿಲ್ಲ. ಯಾರಿಗೋಸ್ಕರ ನೋಡ್ಬೇಕು?’ ಇದಕ್ಕೆ ರೆಡಿಮೇಡ್ ಉತ್ತರ ಒಂದಿದೆ: ‘ನಮ್ಮೆಲ್ಲರ ಒಳಗೂ ಒಂದು ಕತ್ತಲೆ ಇದೆ, ಅದಕ್ಕೇ ಇಂಥ ಪಾತ್ರಗಳು ಸೆಳೀತಾವೆ.’ ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ಕೇಳೋಕೆ ಆಳವಾಗಿದೆ, ಆದರೆ ಏನನ್ನೂ ವಿವರಿಸಲ್ಲ. ನನ್ನೊಳಗೆ ಕತ್ತಲೆ ಇರಬಹುದು, ಆದರೆ ಯಾರನ್ನಾದರೂ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಹುಟ್ಟಿನಿಂದ ತಲೆಗೆ ಹೊಡೆಯೋ ಆಸೆ ಇಲ್ಲ. ಆದರೂ ಹಾಗೆ ಹೊಡೆದವನೊಬ್ಬ ಸಿಕ್ಕಿಬೀಳಬಾರದು ಅಂತ ಇನ್ನೂರು ಪುಟ ಹಾರೈಸಿದ್ದೀನಿ. ಅದು ಹೇಗಾಯ್ತು ಅನ್ನೋದನ್ನೇ ಇಲ್ಲಿ ನೋಡಬೇಕಿರೋದು. ಮುಂದೆ ಮೂರು ನಾಲ್ಕು ಪುಸ್ತಕದ ಕತೆ ಪೂರ್ತಿ ಬಯಲಾಗುತ್ತೆ, ಈಗಲೇ ಹೇಳಿಬಿಡ್ತೀನಿ.

ಕೆಟ್ಟವನನ್ನ ಮೆಚ್ಚೋದು ನಮಗೇನೂ ಹೊಸದಲ್ಲ. ತುಮಕೂರು ಕಡೆಯ ನಮ್ಮೂರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸ್ತಾರೆ, ಪಾರ್ಟ್ ಮಾಡೋರೇ ದುಡ್ಡು ಹಾಕಿ ಪಾರ್ಟ್ ತಗೋಬೇಕು. ಎಲ್ಲಕ್ಕಿಂತ ದುಬಾರಿ ಪಾರ್ಟ್‌ಗಳಲ್ಲಿ ದುರ್ಯೋಧನನದೂ ಒಂದು. ಧರ್ಮರಾಯನ ಪಾರ್ಟ್‌ಗೆ ಅಷ್ಟು ಪೈಪೋಟಿ ನಾನಂತೂ ಕಂಡಿಲ್ಲ. ದುರ್ಯೋಧನ ಗದೆ ಹೊತ್ತು ಸ್ಟೇಜಿಗೆ ಬಂದರೆ ಶಿಳ್ಳೆ, ನೋಟಿನ ಹಾರ. ಆದರೆ ಅದು ಬೇರೆ ತರದ ಮೆಚ್ಚುಗೆ. ದುರ್ಯೋಧನನಿಗೆ ಛಲ ಇದೆ, ಕರ್ಣನ ಮೇಲಿನ ಸ್ನೇಹ ಇದೆ, ಸಾಯುವಾಗಲೂ ತಗ್ಗದ ತಲೆ ಇದೆ. ರನ್ನ ಅವನಿಗೆ ಕೊಟ್ಟ ದೊಡ್ಡತನವನ್ನ ಹಾರ್ಮೋನಿಯಂ ಮೇಷ್ಟ್ರೂ ಕಸಿದುಕೊಂಡಿಲ್ಲ. ನಾನು ಹೇಳ್ತಿರೋ ಪಾತ್ರಗಳಿಗೆ ಅಂಥ ದೊಡ್ಡತನ ಇಲ್ಲವೇ ಇಲ್ಲ. ಇವರು ಸಣ್ಣ ಮನುಷ್ಯರು. ಸುಳ್ಳು ಹೇಳ್ತಾರೆ, ಹೊಟ್ಟೆಕಿಚ್ಚು ಪಡ್ತಾರೆ, ಇನ್ನೊಬ್ಬರ ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ತಾರೆ.

ಆ ಕನ್ನಡಿ ಮುಂದೆ ನಿಂತವನೇ ಟಾಮ್ ರಿಪ್ಲಿ. ಪೆಟ್ರೀಶಿಯಾ ಹೈಸ್ಮಿತ್ 1955ರಲ್ಲಿ ಬರೆದ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಕಾದಂಬರಿಯವನು. ಕತೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಟಾಮ್ ನ್ಯೂಯಾರ್ಕಿನಲ್ಲಿ ಸಣ್ಣಪುಟ್ಟ ಮೋಸ ಮಾಡಿಕೊಂಡು, ಅವರಿವರ ರೂಮಲ್ಲಿ ದಿನ ತಳ್ಳೋ ಹುಡುಗ. ದೋಣಿ ಕಟ್ಟೋ ಕಂಪನಿಯ ಸಾಹುಕಾರನೊಬ್ಬ ಅವನನ್ನ ಹುಡುಕಿಕೊಂಡು ಬಂದು, ಇಟಲಿಯಲ್ಲಿ ಆರಾಮಾಗಿ ಕೂತಿರೋ ತನ್ನ ಮಗ ಡಿಕಿಯನ್ನ ಮನೆಗೆ ವಾಪಸ್ ಕರೆತರೋಕೆ ಖರ್ಚು ಕೊಟ್ಟು ಕಳಿಸ್ತಾನೆ. ಟಾಮ್ ಹೋಗ್ತಾನೆ, ಡಿಕಿಯ ಬದುಕು ನೋಡ್ತಾನೆ, ಅದು ತನಗೇ ಬೇಕು ಅನ್ನಿಸುತ್ತೆ. ಡಿಕಿಯನ್ನ ಕೊಂದು ಡಿಕಿಯೇ ಆಗ್ತಾನೆ.

ಕಾದಂಬರಿ ಶುರುವಾಗೋದೇ ಹೆದರಿಕೆಯಿಂದ. ಟಾಮ್‌ನ ಹಿಂದೆ ಯಾರೋ ಬರ್ತಿದ್ದಾರೆ, ಪೊಲೀಸಿರಬಹುದು. ಬಂದವನು ಡಿಕಿಯ ಅಪ್ಪ, ಆದರೆ ಅದು ಗೊತ್ತಾಗೋ ಹೊತ್ತಿಗೆ ನಾವು ಟಾಮ್‌ನ ಬೆನ್ನ ಹಿಂದೆ ಅಲ್ಲ, ಬೆನ್ನೊಳಗೇ ಕೂತಾಗಿದೆ. ಕಾದಂಬರಿ ಮುಗಿಯೋದೂ ಹೆದರಿಕೆಯಲ್ಲೇ. ಗ್ರೀಸ್‌ನಲ್ಲಿ ಹಡಗು ಇಳಿಯುವಾಗ ದಕ್ಕೆಯಲ್ಲಿ ಪೊಲೀಸರು ತನಗೇ ಕಾಯ್ತಿದ್ದಾರೆ ಅಂದುಕೊಳ್ತಾನೆ. ಅವರು ಕಾಯ್ತಿರಲ್ಲ. ಇನ್ನು ಮುಂದೆ ಹೋದ ಹೋದ ಬಂದರಿನಲ್ಲೆಲ್ಲ ಹೀಗೇ ಅನ್ನಿಸುತ್ತಾ ಅನ್ನೋ ಪ್ರಶ್ನೆ ಬರುತ್ತೆ, ಅದನ್ನ ಕೊಡವಿಕೊಂಡು ಟ್ಯಾಕ್ಸಿ ಹತ್ತಿ ಒಳ್ಳೇ ಹೋಟೆಲಿಗೆ ಹೋಗ್ತಾನೆ. ಅಂದರೆ ಮೊದಲ ಪುಟದಿಂದ ಕೊನೇ ಪುಟದವರೆಗೆ ಹೈಸ್ಮಿತ್ ನಮ್ಮನ್ನ ಕಟ್ಟಿಹಾಕೋ ಹಗ್ಗ ಒಂದೇ. ಟಾಮ್ ಒಳ್ಳೆಯವನಾ ಅಂತ ಆಕೆ ಕೇಳೋದೇ ಇಲ್ಲ. ಅವನಿಗೆ ಹೆದರಿಕೆ ಆಗ್ತಿದೆ ಅಂತಷ್ಟೇ ಹೇಳ್ತಾಳೆ. ಮನುಷ್ಯ ಯಾರೇ ಆಗಲಿ, ಹೆದರಿಕೊಂಡವನ ಪಕ್ಕ ಜಾಸ್ತಿ ಹೊತ್ತು ಕೂತರೆ ಆ ಹೆದರಿಕೆ ನಮಗೂ ಅಂಟಿಕೊಳ್ಳುತ್ತೆ. ಅದಕ್ಕೆ ಅವನು ಇಷ್ಟ ಆಗಬೇಕು ಅಂತೇನಿಲ್ಲ.

ಎರಡನೇ ಹಗ್ಗ, ಕೆಲಸ. ಟಾಮ್ ಎಷ್ಟು ಕೆಲಸ ಮಾಡ್ತಾನೆ ನೋಡಿ. ಹಡಗಿನಲ್ಲಿ ಹೋಗುವಾಗ ಒಂದು ಟೋಪಿ ಕೊಳ್ತಾನೆ. ಟೋಪಿ ಹಾಕೋ ರೀತಿ ಬದಲಾಯಿಸಿದರೆ ತಾನು ಬೇರೆಬೇರೆ ಊರಿನ, ಬೇರೆಬೇರೆ ಅಂತಸ್ತಿನ ಮನುಷ್ಯನ ತರ ಕಾಣ್ತೀನಿ ಅಂತ ಕಂಡುಕೊಳ್ತಾನೆ. ಡಿಕಿಯ ಅಪ್ಪ ಅಮ್ಮ ಹಡಗಿಗೆ ಒಂದು ದೊಡ್ಡ ಹಣ್ಣಿನ ಬುಟ್ಟಿ ಕಳಿಸಿರ್ತಾರೆ. ಬೇರೆ ಶ್ರೀಮಂತರಿಗೆ ಬರೋ ಅಂಥ ಬುಟ್ಟಿ. ಅದನ್ನ ನೋಡಿ ಟಾಮ್ ಮುಖ ಮುಚ್ಚಿಕೊಂಡು ಅಳ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಅತಿ ಹತ್ತಿರ ಅನ್ನಿಸಿದ ಜಾಗ ಅದು, ಕೊಲೆಯ ಭಾಗಗಳಲ್ಲ. ಮುಂದೆ ಡಿಕಿಯ ಊರಲ್ಲಿ ಅವನ ಸ್ನೇಹ ಗಿಟ್ಟಿಸೋದು ಯಾವ ಉಪಾಯದಿಂದ ಗೊತ್ತಾ? ನಿಜ ಹೇಳೋದರಿಂದ. ‘ನಿಮ್ಮಪ್ಪ ದುಡ್ಡು ಕೊಟ್ಟು ಕಳಿಸಿದ್ದಾರೆ’ ಅಂತ ಬಾಯಿಬಿಡ್ತಾನೆ, ಡಿಕಿ ನಕ್ಕು ಒಳಗೆ ಬಿಟ್ಟುಕೊಳ್ತಾನೆ. ನಿಜವೂ ಅವನಿಗೆ ಒಂದು ಟೂಲ್.

ಬೆಂಗಳೂರಿಗೆ ಬಂದ ಮೊದಲ ವರ್ಷ ಟೀಮ್ ಲಂಚ್‌ಗೆ ಹೋದಾಗೆಲ್ಲ ನಾನು ಮೆನು ಓದೋ ನಾಟಕ ಮಾಡ್ತಾ, ಪಕ್ಕದವರು ಏನು ಹೇಳ್ತಾರೆ ಅಂತ ಕಾದು ಅದನ್ನೇ ಹೇಳ್ತಿದ್ದೆ. ಯಾವ ಕೈಯಲ್ಲಿ ಫೋರ್ಕ್, ಬಿಲ್ ಬಂದಾಗ ಯಾವಾಗ ಪರ್ಸ್ ತೆಗೆಯೋದು, ಮ್ಯಾನೇಜರ್ ಜೋಕಿಗೆ ಎಷ್ಟು ನಗೋದು, ಎಲ್ಲವೂ ನೋಡಿ ಕಲಿತಿದ್ದು. ಹಳ್ಳಿಯಿಂದ ಬಂದ ಯಾರನ್ನ ಬೇಕಾದ್ರೂ ಕೇಳಿ, ಇಂಥ ಒಂದು ಪಟ್ಟಿ ಇರುತ್ತೆ. ಇದರಲ್ಲಿ ಅವಮಾನ ಏನಿಲ್ಲ, ಆದರೆ ಸುಸ್ತಿದೆ. ಟಾಮ್ ರಿಪ್ಲಿಯ ಸುಸ್ತು ಆ ಸುಸ್ತೇ. ಡಿಕಿ ಬೀಚಲ್ಲಿ ಸುಮ್ಮನೆ ಬಿದ್ದುಕೊಂಡಿರ್ತಾನೆ, ಕೆಟ್ಟದಾಗಿ ಪೇಂಟಿಂಗ್ ಮಾಡ್ತಾನೆ, ಯಾರೂ ಏನೂ ಅನ್ನಲ್ಲ. ಟಾಮ್ ಮಾತ್ರ ಪ್ರತಿ ನಿಮಿಷ ಎಕ್ಸಾಮ್ ಬರೀತಾ ಇರ್ತಾನೆ. ಆ ವಿಷಯ ಒಂದು ಸಲ ಗಮನಿಸಿದರೆ ಸಾಕು, ಓದುಗ ಅವನ ಕಡೆ ವಾಲಿದ ಅಂತಲೇ ಲೆಕ್ಕ. ಹೈಸ್ಮಿತ್‌ಗೆ ಇದು ಚೆನ್ನಾಗಿ ಗೊತ್ತು. ಅದನ್ನ ನಮ್ಮ ಮೇಲೇ ಪ್ರಯೋಗಿಸ್ತಾಳೆ.

ಸ್ಯಾನ್ ರೆಮೋದಲ್ಲಿ ಬಾಡಿಗೆ ಮೋಟಾರ್ ದೋಣಿ ಮೇಲೆ ಕೊಲೆ ನಡೆಯುತ್ತೆ. ಅದನ್ನ ಬರೆದಿರೋ ರೀತಿ ನೋಡಿ: ಒಂದೂ ನೆಟ್ಟಗೆ ಆಗಲ್ಲ. ಹೆಣವನ್ನ ನೀರಿಗೆ ತಳ್ಳೋಕೆ ಹೋಗಿ ಟಾಮೇ ನೀರಿಗೆ ಬೀಳ್ತಾನೆ. ಅವನಿಗೆ ನೀರು ಅಂದ್ರೆ ಭಯ, ಅಪ್ಪ ಅಮ್ಮ ಮುಳುಗಿ ಸತ್ತವರು. ದೋಣಿ ಚಾಲೂ ಇದೆ, ಅವನ ಸುತ್ತಲೇ ಗಿರಕಿ ಹೊಡೀತಿದೆ, ಇನ್ನೇನು ಇವನೂ ಸತ್ತ ಅನ್ನಿಸುತ್ತೆ. ಹೇಗೋ ಬದುಕಿಕೊಂಡ ಮೇಲೆ ದೋಣಿಗೆ ಕಲ್ಲು ತುಂಬಿ ಮುಳುಗಿಸೋ ಕೆಲಸ. ಇದನ್ನೆಲ್ಲ ಓದುವಾಗ ನಮ್ಮ ತಲೆ ಪೂರ್ತಿ ಇಂಜಿನಿಯರ್ ತಲೆ ಆಗಿಬಿಡುತ್ತೆ. ಕಲ್ಲು ಸಾಕಾ? ಯಾರಾದ್ರೂ ನೋಡಿದ್ರಾ? ದೋಣಿ ಬಾಡಿಗೆ ಕೊಟ್ಟವನಿಗೆ ಏನು ಹೇಳ್ತಾನೆ? ಪ್ರೊಡಕ್ಷನ್‌ನಲ್ಲಿ ಏನೋ ಹೊತ್ತಿಕೊಂಡಾಗ ‘ಇದು ಸರೀನಾ ತಪ್ಪಾ’ ಅಂತ ಯಾರೂ ಕೇಳಲ್ಲ, ‘ಮೊದಲು ನಿಲ್ಲಿಸು’ ಅಂತೀವಿ. ಹಂಗೆ. ಹೆಣ ಒಂದು ಸಮಸ್ಯೆ ಆಗುತ್ತೆ. ಸ್ವಲ್ಪ ಹೊತ್ತಿಗೆ ಮುಂಚೆ ಅದು ಒಬ್ಬ ಹುಡುಗ ಆಗಿತ್ತು ಅನ್ನೋದು ಪುಟ ತಿರುಗಿಸೋ ಅವಸರದಲ್ಲಿ ಕಳೆದುಹೋಗುತ್ತೆ.

ಫ್ರೆಡ್ಡಿ ಮೈಲ್ಸ್ ಬರೋದು ಆಮೇಲೆ. ಡಿಕಿಯ ಗೆಳೆಯ. ರೋಮ್‌ನಲ್ಲಿ ಡಿಕಿ ಅಂತ ಹೆಸರು ಹೇಳಿಕೊಂಡಿರೋ ಟಾಮ್‌ನ ಮನೆಗೆ ಹುಡುಕಿಕೊಂಡು ಬರ್ತಾನೆ. ಡಿಕಿಯ ಬಟ್ಟೆ, ಡಿಕಿಯ ಒಡವೆ ಇವನ ಮೈಮೇಲೆ ನೋಡ್ತಾನೆ, ಏನೋ ಸರಿಯಿಲ್ಲ ಅಂತ ಅನುಮಾನ ಬರುತ್ತೆ. ಟಾಮ್ ಗಾಜಿನ ಆ್ಯಶ್‌ಟ್ರೇ ತಗೊಂಡು ಹೊಡೀತಾನೆ. ಆಮೇಲೆ ಕುಡಿದು ತೂರಾಡ್ತಿರೋ ಗೆಳೆಯನನ್ನ ಮನೆಗೆ ಬಿಡೋ ತರ ಹೆಣವನ್ನ ಹೆಗಲಿಗೆ ಆನಿಸಿಕೊಂಡು ಮೆಟ್ಟಿಲಿಳಿದು ಕಾರಿಗೆ ಹಾಕ್ತಾನೆ. ಈ ಫ್ರೆಡ್ಡಿ ಮೇಲೆ ಓದುವವರಿಗೆ ಬರೋದು ಬರೀ ಕಿರಿಕಿರಿ. ದಪ್ಪಗಿದ್ದಾನೆ, ಗಟ್ಟಿಯಾಗಿ ಮಾತಾಡ್ತಾನೆ, ಬೇಡದ ಹೊತ್ತಲ್ಲಿ ಬಂದ. ಆದರೆ ಯೋಚಿಸಿ, ಗೆಳೆಯ ಕಾಣ್ತಿಲ್ಲ ಅಂತ ಹುಡುಕಿಕೊಂಡು ಬಂದವನು ಇವನು. ಸರಿಯಾದ ಪ್ರಶ್ನೆ ಕೇಳಿದವನೂ ಇವನೇ. ಡಿಕಿಯ ಗೆಳತಿ ಮಾರ್ಜ್ ವಿಷಯವೂ ಇಷ್ಟೇ. ಅವಳು ಪೆದ್ದಿ, ಒರಟಿ, ಕಂಡಲ್ಲಿ ಸಾಮಾನು ಹರಡ್ತಾಳೆ ಅಂತ ನಮಗನ್ನಿಸುತ್ತೆ. ಯಾಕಂದ್ರೆ ಅವಳನ್ನ ನಾವು ನೋಡೋದು ಟಾಮ್‌ನ ಕಣ್ಣಿಂದ, ಅವನಿಗೆ ಅವಳನ್ನ ಕಂಡರೆ ಹೇಸಿಗೆ. ವೆನಿಸ್‌ನಲ್ಲಿ ಡಿಕಿಯ ಉಂಗುರಗಳು ಅವಳ ಕೈಗೆ ಸಿಕ್ಕಾಗ ಟಾಮ್ ಅವಳನ್ನ ಶೂನಿಂದ ಹೊಡೆದು ಸಾಯಿಸೋ ಲೆಕ್ಕ ಹಾಕ್ತಾನೆ. ಅಷ್ಟರಲ್ಲಿ ಅವಳೇ, ಉಂಗುರ ಬಿಚ್ಚಿಕೊಟ್ಟಿದ್ದಾನೆ ಅಂದ್ರೆ ಡಿಕಿ ಆತ್ಮಹತ್ಯೆ ಮಾಡಿಕೊಂಡಿರಬೇಕು ಅಂತ ತೀರ್ಮಾನಕ್ಕೆ ಬಂದು ಬದುಕಿಕೊಳ್ತಾಳೆ. ಅವಳು ಬದುಕಿದ್ದಕ್ಕೋ, ಇವನು ಪಾರಾದದ್ದಕ್ಕೋ, ಆ ಪುಟದಲ್ಲಿ ನಿಮ್ಮ ಎದೆ ಹಗುರಾಗಿದ್ದು ಯಾವುದಕ್ಕೆ? ಈ ಪುಸ್ತಕವನ್ನ ಎರಡನೇ ಸಲ ಓದಿದರೆ ಮಾರ್ಜ್‌ಳ ಕಡೆಯಿಂದ ಓದಿ. ಪ್ರೀತಿಸಿದವನು ಎಲ್ಲಿ ಹೋದ ಅಂತ ಗೊತ್ತಿಲ್ಲದೆ, ಕೊಂದವನ ಮನೆಯಲ್ಲೇ ಉಳಿದುಕೊಂಡು, ಅವನ ಹತ್ತಿರವೇ ಸಮಾಧಾನ ಹುಡುಕೋ ಹೆಣ್ಣಿನ ಕತೆ ಅದು. ಪುಸ್ತಕ ಅಲ್ಲೇ ಇತ್ತು, ಅಕ್ಷರ ಒಂದೂ ಬದಲಾಗಿರಲ್ಲ.

ಸಿನಿಮಾದವರಿಗೆ ಈ ಕತೆ ಯಾವಾಗಲೂ ಬಿಸಿ ತುಪ್ಪ. ರೆನೆ ಕ್ಲೆಮಾನ್ 1960ರಲ್ಲಿ ಆಲನ್ ಡೆಲಾನ್‌ನನ್ನ ಹಾಕಿಕೊಂಡು ಫ್ರೆಂಚಲ್ಲಿ ಮಾಡಿದ. ಡೆಲಾನ್ ಎಷ್ಟು ಚೆಲುವ ಅಂದ್ರೆ ಅವನಿಗೆ ಇನ್ನೊಬ್ಬರ ಬದುಕು ಯಾಕೆ ಬೇಕಿತ್ತು ಅಂತಲೇ ಅನ್ನಿಸುತ್ತೆ. ಕೊನೆಯಲ್ಲಿ ದೋಣಿಯನ್ನ ದಡಕ್ಕೆಳೆದಾಗ ಅದರ ಜೊತೆ ಹೆಣವೂ ಬರುತ್ತೆ, ಧರ್ಮ ಗೆಲ್ಲುತ್ತೆ. 1999ರಲ್ಲಿ ಆಂಥನಿ ಮಿಂಗೆಲ್ಲಾ ಮಾಡಿದ ಸಿನಿಮಾ ಹೆಚ್ಚು ಜನ ನೋಡಿರ್ತಾರೆ, ಮ್ಯಾಟ್ ಡೇಮನ್, ಜೂಡ್ ಲಾ ಇರೋದು. ಅದರಲ್ಲಿ ಕೊಲೆ ಜಗಳದ ಸಿಟ್ಟಲ್ಲಿ ನಡೆದುಹೋಗುತ್ತೆ. ಹೊಡೆದ ಮೇಲೆ ಟಾಮ್ ಹೆಣದ ಪಕ್ಕ ಮಲಗ್ತಾನೆ. ಡಿಕಿಯ ಮೇಲಿನ ಅವನ ಪ್ರೀತಿ ಪುಸ್ತಕಕ್ಕಿಂತ ಇಲ್ಲಿ ಎದ್ದುಕಾಣುತ್ತೆ, ಕೊನೆಗೆ ಪಶ್ಚಾತ್ತಾಪವೂ ಸಿಗುತ್ತೆ. ಒಳ್ಳೇ ಸಿನಿಮಾ, ನನಗೆ ಬಹಳ ಇಷ್ಟ. ಆದರೆ ಅಲ್ಲಿ ರಿಪ್ಲಿ ಪಾಪದವನು. ನಾವು ಅವನ ಪರ ಇದ್ದದ್ದಕ್ಕೆ ನಿರ್ದೇಶಕರೇ ಒಂದು ಮೆಡಿಕಲ್ ಸರ್ಟಿಫಿಕೇಟ್ ಬರೆದುಕೊಟ್ಟ ಹಾಗೆ. ಪುಸ್ತಕದ ಟಾಮ್ ಕೊಲೆಯನ್ನ ಮೊದಲೇ ಯೋಚಿಸಿರ್ತಾನೆ, ಆಮೇಲೆ ಡಿಕಿಯ ಸೂಟ್‌ಕೇಸು, ಡಿಕಿಯ ಶರ್ಟುಗಳ ನಡುವೆ ಖುಷಿಯಾಗೇ ಇರ್ತಾನೆ. 2024ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ಎಂಟು ಎಪಿಸೋಡಿನ ಕಪ್ಪುಬಿಳುಪು ಸೀರೀಸ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಸ್ಟೀವನ್ ಜೈಲಿಯನ್‌ಗೆ ಕೆಲಸದ ಮರ್ಮ ಗೊತ್ತಾಗಿದೆ: ಮೆಟ್ಟಿಲು, ಲಿಫ್ಟು, ರಕ್ತ ಒರೆಸೋದು, ಭಾರ ಎಳೆಯೋದು, ಎಲ್ಲವನ್ನೂ ನಿಧಾನಕ್ಕೆ, ಮಾತೇ ಇಲ್ಲದೆ ತೋರಿಸ್ತಾನೆ. ಆದರೆ ಆಂಡ್ರ್ಯೂ ಸ್ಕಾಟ್‌ನ ವಯಸ್ಸು ನಲವತ್ತು ದಾಟಿದೆ. ಇಪ್ಪತ್ತೈದರ ಹುಡುಗ ಇನ್ನೊಬ್ಬರ ಬದುಕಿಗೆ ಬಾಯಿಬಿಡೋದು ಬೇರೆ, ನಡುವಯಸ್ಸಿನ ಪಳಗಿದ ಮೋಸಗಾರ ಬಾಯಿಬಿಡೋದು ಬೇರೆ. ಹಣ್ಣಿನ ಬುಟ್ಟಿ ನೋಡಿ ಈ ರಿಪ್ಲಿ ಅಳ್ತಾನೆ ಅಂತ ನನಗಂತೂ ನಂಬೋಕಾಗಲ್ಲ. ಜೊತೆಗೆ ಕಾರವಾಜಿಯೋ ಪೇಂಟಿಂಗುಗಳನ್ನ ಆ ಮಟ್ಟಕ್ಕೆ ತುರುಕೋದು ಬೇಕಿರಲಿಲ್ಲ.

ನಮ್ಮಲ್ಲೂ ಈಗ ‘ಗ್ರೇ ಶೇಡ್’ ಅನ್ನೋ ಮಾತು ಪ್ರತಿ ಪ್ರೆಸ್‌ಮೀಟಲ್ಲಿ ಬರುತ್ತೆ. ಅದು ಹೆಚ್ಚಾಗಿ ಗಡ್ಡ ಬಿಟ್ಟ ಹೀರೋ ಅಷ್ಟೇ. ‘ಕೆಜಿಎಫ್’ನ ರಾಕಿ ಎಷ್ಟು ಜನರನ್ನ ಕೊಂದರೂ ಹಿಂದೆ ಅಮ್ಮನಿಗೆ ಕೊಟ್ಟ ಮಾತಿದೆ. ಅದು ತಪ್ಪಲ್ಲ, ಅದು ಕುರುಕ್ಷೇತ್ರ ನಾಟಕದ ದಾರಿ, ನಾನೂ ಶಿಳ್ಳೆ ಹೊಡೆದಿದ್ದೀನಿ. ಆದರೆ ಫ್ಲ್ಯಾಶ್‌ಬ್ಯಾಕಲ್ಲಿ ಒಂದು ಕಣ್ಣೀರು ಇಟ್ಟುಕೊಂಡವನನ್ನ ‘ಇಷ್ಟವಾಗದ ಪಾತ್ರ’ ಅಂತ ಕರೀಬೇಡಿ. ಇಷ್ಟವಾಗಲಿ ಅಂತಲೇ ಕಡೆದಿಟ್ಟ ಪಾತ್ರ ಅದು.

ಇಷ್ಟವಾಗೋದು ಅಂದ್ರೆ ಏನು ಅನ್ನೋದನ್ನೇ ಬಲೆ ಮಾಡಿ ಹೆಣೆದವಳು ಗಿಲಿಯನ್ ಫ್ಲಿನ್. 2012ರ ‘ಗಾನ್ ಗರ್ಲ್’, ಮುಂದೆ 2014ರಲ್ಲಿ ಡೇವಿಡ್ ಫಿಂಚರ್ ಸಿನಿಮಾ ಮಾಡಿದ, ಚಿತ್ರಕತೆ ಫ್ಲಿನ್‌ದೇ. ಮದುವೆಯಾದ ಐದನೇ ವರ್ಷದ ದಿನ ಏಮಿ ಕಾಣೆಯಾಗ್ತಾಳೆ, ಗಂಡ ನಿಕ್ ಮೇಲೆ ಅನುಮಾನ. ಒಂದು ಅಧ್ಯಾಯ ನಿಕ್‌ನ ಮಾತು, ಒಂದು ಅಧ್ಯಾಯ ಏಮಿಯ ಡೈರಿ. ಡೈರಿಯ ಏಮಿ ಎಷ್ಟು ಮುದ್ದು! ತಮಾಷೆ ಮಾಡ್ತಾಳೆ, ಹೊಂದಿಕೊಂಡು ಹೋಗ್ತಾಳೆ, ಗಂಡನ ಊರಿಗೆ ಬಂದು ಒಂಟಿಯಾಗಿದ್ದರೂ ನಗ್ತಾಳೆ, ಕ್ರಮೇಣ ಹೆದರ್ತಾಳೆ. ಪುಸ್ತಕದ ನಡುವೆ ಗೊತ್ತಾಗುತ್ತೆ, ಡೈರಿ ಪೂರ್ತಿ ನಕಲಿ. ಪೊಲೀಸರು ಓದಲಿ ಅಂತ ಕೂತು ಬರೆದದ್ದು. ಅಂದರೆ ಇಡೀ ಕಾದಂಬರಿಯಲ್ಲಿ ಎಲ್ಲರಿಗೂ ಇಷ್ಟವಾಗೋ ಒಂದೇ ಒಂದು ಪಾತ್ರ ಒಂದು ಫೋರ್ಜರಿ ಡಾಕ್ಯುಮೆಂಟು. ‘ಒಂದು ಪಾತ್ರವೂ ಇಷ್ಟ ಆಗ್ಲಿಲ್ಲ’ ಅನ್ನೋರಿಗೆ ಇದಕ್ಕಿಂತ ಖಾರವಾದ ಉತ್ತರ ನಾನು ಕಂಡಿಲ್ಲ. ಇಷ್ಟವಾಗೋ ಹೆಂಗಸು ಬೇಕಾ, ತಗೊಳಿ, ನಿಮಗೋಸ್ಕರವೇ ಮಾಡಿದ್ದೀನಿ ಅಂತ.

ಏಮಿಗೆ ಈ ಕೆಲಸ ಬಾಲ್ಯದಿಂದ ಅಭ್ಯಾಸ. ಅವಳ ಅಪ್ಪ ಅಮ್ಮ ‘ಅಮೇಜಿಂಗ್ ಏಮಿ’ ಅಂತ ಮಕ್ಕಳ ಪುಸ್ತಕದ ಸರಣಿ ಬರೆದು ದುಡ್ಡು ಮಾಡಿದವರು. ಮಗಳು ಕೈಬಿಟ್ಟಿದ್ದನ್ನೆಲ್ಲ ಪುಸ್ತಕದ ಏಮಿ ಸಾಧಿಸ್ತಾಳೆ. ತನಗಿಂತ ಒಳ್ಳೆಯ ತಾನು ಅಂಗಡಿಯಲ್ಲಿ ಮಾರಾಟಕ್ಕಿರುವಾಗ ಬೆಳೆದ ಹುಡುಗಿ. ಇದು ಅವಳನ್ನ ಅರ್ಥ ಮಾಡಿಸುತ್ತೆ, ಕ್ಷಮಿಸೋಕೆ ಮಾತ್ರ ಬಿಡಲ್ಲ. ಏಮಿಯ ಮೇಲೆ ಒಂದು ಗಂಭೀರ ಆಕ್ಷೇಪ ಇದೆ: ಅವಳು ಸುಳ್ಳು ಅತ್ಯಾಚಾರದ ಆರೋಪ ಹೊರಿಸ್ತಾಳೆ, ಬಸುರಿ ಅಂತ ಸುಳ್ಳು ದಾಖಲೆ ಸೃಷ್ಟಿಸ್ತಾಳೆ, ಹೆಂಗಸರು ಸುಳ್ಳು ಹೇಳ್ತಾರೆ ಅಂತ ಕಾದು ಕೂತ ಗಂಡಸರಿಗೆ ಇದು ಹಬ್ಬದೂಟ ಅಲ್ವಾ? ಈ ಆಕ್ಷೇಪವನ್ನ ‘ಅಯ್ಯೋ, ಕತೆ ಅಷ್ಟೇ’ ಅಂತ ತಳ್ಳಿಹಾಕೋರ ಜೊತೆ ನಾನಿಲ್ಲ. ಹಾಗೆ ಓದೋರು ಇದ್ದಾರೆ, ನಾನೇ ಕಂಡಿದ್ದೀನಿ. ಆದರೆ ಇನ್ನೊಂದು ಕಡೆಯೂ ಇದೆ. ಗಂಡಸು ಕೆಟ್ಟವನಾದರೆ ‘ಕಾಂಪ್ಲೆಕ್ಸ್’, ಹೆಂಗಸು ಕೆಟ್ಟವಳಾದರೆ ಇಡೀ ಹೆಣ್ಣುಕುಲದ ಪ್ರತಿನಿಧಿ. ಒಬ್ಬ ರಿಪ್ಲಿಯನ್ನ ಓದಿ ಗಂಡಸರೆಲ್ಲ ಹುಟ್ಟು ಹಿಡಿದು ಓಡಾಡ್ತಾರೆ ಅಂತ ಯಾರೂ ಅಂದಿಲ್ಲ. ಒಬ್ಬಳೇ ಒಬ್ಬಳಾಗಿ ಕೆಟ್ಟವಳಾಗೋ ಅವಕಾಶ ಏಮಿಗೆ ಸಿಗಬೇಕು. ಪುಸ್ತಕದ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ಏಮಿಯ ಪ್ಲಾನು ವಿಪರೀತ ನೀಟು. ನಡುವೆ ಒಂದು ಸಲ ದುಡ್ಡು ಕಳಕೊಂಡು ಪೇಚಿಗೆ ಸಿಗ್ತಾಳೆ, ಅದು ಬಿಟ್ಟರೆ ಅವಳು ಮನುಷ್ಯಳಿಗಿಂತ ಹೆಚ್ಚಾಗಿ ಒಂದು ಯಂತ್ರ. ಬಗ್ ಇಲ್ಲದ ಕೋಡ್ ನೋಡಿದರೆ ನನಗೆ ಅನುಮಾನ ಜಾಸ್ತಿ. ದೋಣಿಯ ಸುತ್ತ ನೀರಲ್ಲಿ ಒದ್ದಾಡೋ ಟಾಮ್ ಮುಂದೆ ಏಮಿ ಸ್ವಲ್ಪ ಪೇಲವ.

ಈ ಪಾತ್ರಗಳು ನಮ್ಮ ವಯಸ್ಸಿನ, ನಮ್ಮ ತರದ ಕೆಲಸದ ಜನರನ್ನ ಇಷ್ಟು ಸೆಳೆಯೋದಕ್ಕೆ ಇನ್ನೊಂದು ಕಾರಣ ಇದೆ ಅಂತ ನನ್ನ ಗುಮಾನಿ. ನಾವು ದಿನಕ್ಕೆ ಹತ್ತು ಗಂಟೆ ಇಷ್ಟವಾಗೋ ಕೆಲಸ ಮಾಡ್ತೀವಿ. ಕೋಡ್ ಬರೆಯೋದು ಅದರಲ್ಲಿ ಒಂದು ಭಾಗ. ಅಪ್ರೈಸಲ್ ಫಾರ್ಮಿನಲ್ಲಿ ‘ಈಸಿ ಟು ವರ್ಕ್ ವಿತ್’ ಅಂತ ಬರಬೇಕು, ಇಂಟರ್‌ವ್ಯೂನಲ್ಲಿ ‘ಕಲ್ಚರ್ ಫಿಟ್’ ಅನ್ನಿಸಿಕೊಳ್ಳಬೇಕು, ಬೆಳಗ್ಗೆ ಸ್ಟ್ಯಾಂಡಪ್ಪಿನಲ್ಲಿ ನಿದ್ದೆಗಣ್ಣಲ್ಲೂ ಉತ್ಸಾಹ ಕಾಣಬೇಕು, ಮನೆ ಬಾಡಿಗೆಗೆ ಹಿಡಿಯುವಾಗ ಓನರ್ ಆಂಟಿಗೆ ಡೀಸೆಂಟ್ ಹುಡುಗನ ತರ ಕಾಣಬೇಕು. ಹುಡುಗಿಯರ ಕಷ್ಟ ಇದರ ಎರಡರಷ್ಟು. ಒಂದೇ ಮಾತನ್ನ ಒಂದೇ ಮೀಟಿಂಗಲ್ಲಿ ಹೇಳಿದಾಗ ನನಗೆ ‘ಕ್ಲಾರಿಟಿ ಇದೆ’ ಅಂತಲೂ, ಪಕ್ಕದವಳಿಗೆ ‘ಸ್ವಲ್ಪ ಅಗ್ರೆಸಿವ್’ ಅಂತಲೂ ಫೀಡ್‌ಬ್ಯಾಕ್ ಬಂದದ್ದನ್ನ ಕಣ್ಣಾರೆ ಓದಿದ್ದೀನಿ. ಹೀಗೆ ದಿನವಿಡೀ ನಗುಮುಖ ಹೊತ್ತು ರಾತ್ರಿ ಹನ್ನೊಂದಕ್ಕೆ ಹಾಸಿಗೆ ಸೇರಿದವರಿಗೆ ಏಮಿ ಡೈರಿಯ ಮುಖವಾಡ ಕಿತ್ತೆಸೆದು ಕಾರು ಓಡಿಸಿಕೊಂಡು ಹೋಗೋ ಅಧ್ಯಾಯ ಓದಿದರೆ ಮೈ ಜುಮ್ಮನ್ನದೆ ಇರುತ್ತಾ? ಅಲ್ಲಿ ಕೊಲೆ ಮುಖ್ಯ ಅಲ್ಲ. ಇನ್ನು ಯಾರಿಗೂ ಇಷ್ಟವಾಗಬೇಕಿಲ್ಲ ಅನ್ನೋ ಬಿಡುಗಡೆ ಮುಖ್ಯ. ಟಾಮ್‌ನಲ್ಲಿ ಇದೇ ಉಲ್ಟಾ ಇದೆ: ಇಷ್ಟವಾಗೋಕೆ ಅಷ್ಟು ದುಡಿದವನು ಇನ್ನೊಬ್ಬನಿಲ್ಲ. ಅವನ ಟ್ಯಾಲೆಂಟ್ ಅಂದರೆ ಅದೇ. ಎದುರಿಗಿರೋರಿಗೆ ಏನು ಬೇಕೋ ಅದಾಗೋದು. ಈ ಪುಸ್ತಕಗಳು ನನಗೆ ಕಲಿಸಿದ್ದು ಏನಾದ್ರೂ ಇದ್ದರೆ, ತಕ್ಷಣ ಇಷ್ಟವಾಗೋ ಮನುಷ್ಯನ ಎದುರು ಒಂದು ನಿಮಿಷ ಜಾಸ್ತಿ ಸುಮ್ಮನಿರೋದು.

ಕನ್ನಡದಲ್ಲಿ ಇಂಥದ್ದು ಇಲ್ಲವಾ ಅಂತ ಕೇಳೋರಿಗೆ ನಾನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೊಡ್ತೀನಿ. ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದಮೇಲೆ ಹೊರದೇಶದಲ್ಲೂ ಓದಿಸಿಕೊಂಡ ಸಣ್ಣ ಪುಸ್ತಕ. ಅಂಗಡಿಯವರು ಇದನ್ನ ಥ್ರಿಲ್ಲರ್ ಕಪಾಟಿನಲ್ಲಿ ಇಡಲ್ಲ, ಇಟ್ಟರೆ ತಪ್ಪೇನಿಲ್ಲ. ಹೆಸರಿಲ್ಲದ ನಿರೂಪಕ ಕಾಫಿ ಹೌಸಲ್ಲಿ ಕೂತು ತನ್ನ ಮನೆಯ ಕತೆ ಹೇಳ್ತಾನೆ. ಇರುವೆ ಮುತ್ತೋ ಸಣ್ಣ ಮನೆಯಲ್ಲಿದ್ದ ಸಂಸಾರ, ಚಿಕ್ಕಪ್ಪನ ‘ಸೋನಾ ಮಸಾಲ’ ವ್ಯಾಪಾರದಿಂದ ದುಡ್ಡು ಕಂಡಿದೆ. ಮೊದಮೊದಲು ಎಷ್ಟು ಆಪ್ತವಾದ ಮನೆ ಅನ್ನಿಸುತ್ತೆ, ಎಲ್ಲರೂ ಒಟ್ಟಿಗೆ ಕೂತು ಊಟ, ಮಾತು. ಚಿಕ್ಕಪ್ಪನನ್ನ ಹುಡುಕಿಕೊಂಡು ಒಬ್ಬ ಹೆಂಗಸು ಅವನಿಗಿಷ್ಟದ ಅಡುಗೆ ಮಾಡಿಕೊಂಡು ಬಾಗಿಲಿಗೆ ಬಂದಾಗ ಅಮ್ಮ, ಅಕ್ಕ ಸೇರಿ ಅವಳನ್ನ ಬೈದಟ್ಟೋ ರೀತಿ ನೋಡಿದ ಮೇಲೆ ಆ ಆಪ್ತತೆ ಯಾವುದರಿಂದ ಮಾಡಿದ್ದು ಅಂತ ತಿಳಿಯುತ್ತೆ. ನಿರೂಪಕ ಕೈ ಎತ್ತಲ್ಲ, ದನಿ ಎತ್ತಲ್ಲ, ಏನೂ ಮಾಡಲ್ಲ. ಕೆಲಸವಿಲ್ಲ, ಸಿಟ್ಟಿಲ್ಲ, ಮೆತ್ತಗಿನ ಮನುಷ್ಯ. ಊರಿಗೆ ಹೋದ ಹೆಂಡತಿ ಅನಿತಾ ಇನ್ನೂ ಬಂದಿಲ್ಲ. ಏನಾಯ್ತು ಅಂತ ಕತೆ ಬಾಯಿಬಿಟ್ಟು ಹೇಳಲ್ಲ. ರಿಪ್ಲಿಯ ಹತ್ತಿರ ‘ನಾನು’ ಇದೆ, ಇವನ ಹತ್ತಿರ ಬರೀ ‘ನಾವು’. ನನಗೆ ಇವನೇ ಹೆಚ್ಚು ಭಯ. ರಿಪ್ಲಿಯಂಥವನನ್ನ ನಾನು ಬದುಕಲ್ಲಿ ಕಂಡಿಲ್ಲ, ಇವನ ತರದವರ ಮನೆಗಳಲ್ಲಿ ಎಷ್ಟೋ ಸಲ ಊಟ ಮಾಡಿ ಬಂದಿದ್ದೀನಿ.

ರಿಪ್ಲಿಯ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಮೇಲೆ ಅವನ ಸುಸ್ತು, ಅವನ ಹಣ್ಣಿನ ಬುಟ್ಟಿ ಅಂತ ಬರೆದದ್ದನ್ನ ಓದಿ, ‘ಪಾಪ, ಬಡತನ ಹಾಗೆ ಮಾಡಿಸ್ತು’ ಅಂತ ಯಾರಾದ್ರೂ ಅಂದುಕೊಂಡರೆ ಹೈಸ್ಮಿತ್ ಅದಕ್ಕೂ ಬಿಡಲ್ಲ. ಆಕೆ ರಿಪ್ಲಿಯ ಮೇಲೆ ಇನ್ನೂ ನಾಲ್ಕು ಕಾದಂಬರಿ ಬರೆದಳು, ಕೊನೆಯದು ಬಂದದ್ದು 1991ರಲ್ಲಿ. ಎಲ್ಲವೂ ಒಂದೇ ಮಟ್ಟದವಲ್ಲ. ಆದರೆ ಮೂರನೆಯದು, 1974ರ ‘ರಿಪ್ಲಿಸ್ ಗೇಮ್’ ಬಿಡಬೇಡಿ. ಈಗ ಟಾಮ್‌ಗೆ ಫ್ರಾನ್ಸಿನ ಹಳ್ಳಿಯಲ್ಲಿ ದೊಡ್ಡ ಮನೆ, ಶ್ರೀಮಂತರ ಮನೆಯ ಹೆಂಡತಿ, ತೋಟ, ಸಂಗೀತ. ಪರೀಕ್ಷೆ ಬರೆದು ಪಾಸಾದವನು. ಒಂದು ಪಾರ್ಟಿಯಲ್ಲಿ ಜೊನಾಥನ್ ಅನ್ನೋ ಬಡ ಫ್ರೇಮ್ ಅಂಗಡಿಯವನು ಇವನ ಜೊತೆ ಸ್ವಲ್ಪ ಕೊಂಕಾಗಿ ಮಾತಾಡ್ತಾನೆ, ನಿನ್ನ ಬಗ್ಗೆ ಕೇಳಿದ್ದೀನಿ ಬಿಡು ಅನ್ನೋ ಧಾಟಿಯ ಒಂದೇ ಮಾತು. ಜೊನಾಥನ್‌ಗೆ ರಕ್ತದ ಕ್ಯಾನ್ಸರ್ ಇದೆ. ಆ ಒಂದು ಮಾತಿಗೆ ಟಾಮ್, ಅವನ ಕಾಯಿಲೆ ಜಾಸ್ತಿಯಾಗಿದೆಯಂತೆ ಅನ್ನೋ ಪುಕಾರು ಎಬ್ಬಿಸಿ, ದುಡ್ಡಿನಾಸೆ ತೋರಿಸಿ ಅವನಿಂದ ಕೊಲೆ ಮಾಡಿಸೋ ಸಂಚಿಗೆ ದಾರಿ ಮಾಡ್ತಾನೆ. ಹಸಿವಿಲ್ಲ, ಹೆದರಿಕೆಯೂ ಅಷ್ಟಿಲ್ಲ. ಆದರೂ ಅರ್ಧ ಪುಸ್ತಕ ಕಳೆಯೋ ಹೊತ್ತಿಗೆ ಟಾಮ್ ಮನಸ್ಸು ಬದಲಾಯಿಸಿ ಜೊನಾಥನ್‌ನ ಸಹಾಯಕ್ಕೆ ರೈಲು ಹತ್ತಿದಾಗ, ನಾವು ಎಲ್ಲ ಮರೆತು ಅವನನ್ನ ಬರಮಾಡಿಕೊಳ್ತೀವಿ.

ಕೊನೆಗೆ ಜೊನಾಥನ್ ಸಾಯ್ತಾನೆ. ಅವನ ಹೆಂಡತಿ ಸಿಮೋನ್ ಬೀದಿಯಲ್ಲಿ ಟಾಮ್ ಎದುರಾದಾಗ ಅವನ ಮುಖಕ್ಕೆ ಉಗೀತಾಳೆ. ಗುರಿ ತಪ್ಪುತ್ತೆ, ಅವಳು ನಿಲ್ಲದೆ ಹೋಗಿಬಿಡ್ತಾಳೆ. ಟಾಮ್‌ಗೆ ಬೇಜಾರೂ ಆಗಲ್ಲ. ಗಂಡ ಬಿಟ್ಟುಹೋದ ದುಡ್ಡನ್ನ ಅವಳು ಇಟ್ಟುಕೊಂಡಿದ್ದಾಳೆ, ಅದರ ನಾಚಿಕೆಗೆ ಉಗಿದಳು ಅಂತ ಲೆಕ್ಕ ಹಾಕಿಕೊಳ್ತಾನೆ. ಲೆಕ್ಕ ಎಷ್ಟು ಸಲೀಸಾಗಿದೆ ಅಂದ್ರೆ ಓದುವಾಗ ಹೌದಲ್ವಾ ಅಂತ ತಲೆಯಾಡಿಸಿ, ಸಿಮೋನ್‌ಳನ್ನ ಅಲ್ಲೇ ಬೀದಿಯಲ್ಲಿ ಬಿಟ್ಟು, ಪುಸ್ತಕ ಮುಚ್ಚಿಬಿಡ್ತೀವಿ.